ಎದುರು ತೂಕ

ಅರವತ್ತ ಸೆಕೆಂಡ, ಅಷ್ಟ, ಅಂದ್ರು ಅಮೇಯ ಸರ್.
ಹುಬ್ಬಳ್ಳಿಯಿಂದ ಬಂದ ಹುಡುಗ, ಇಸ್ತ್ರಿ ಮುರೀದ ಅಂಗಿ.
"ಲಿಫ್ಟಿನ್ಯಾಗ ದೊಡ್ಡ ಮನಷ್ಯಾ ಸಿಕ್ಕ ಅಂತ ತಿಳ್ಕೋರಿ ಅಕ್ಕಾರ,
ಬಾಗಲಾ ತೆರಿಯೂದ್ರಾಗ ನೀವು ಯಾರಂತ ಅಂವಗ ತಿಳೀಬೇಕು."

ಉದ್ಯಮಬಾಗದಾಗ ನಮ್ಮ ಓಣ್ಯಾಗ ಲಿಫ್ಟ ಇಲ್ರಿ, ಅಂದೆ.
ಎಲ್ಲಾರೂ ನಕ್ಕರು.
ನಾನೂ ನಕ್ಕೆ, ಒಂದ ಸೆಕೆಂಡ ತಡಾ ಮಾಡಿ.

ಹಾಳಿ ತುಂಬ ಬರಕೊಂಡ ಹೋಗಿದ್ದೆ:
ಅಪ್ಪ ಸಾಗವಾನಿಯೊಳಗ ಪ್ಯಾಟರ್ನ್ ಕೆತ್ತತಿದ್ದದ್ದು,
ಕಟಗ್ಯಾಗ ಅಕ್ಷರ ಉಲ್ಟಾ ಇದ್ರ
ಕಬ್ಬಿಣದಾಗ ನೆಟ್ಟಗ ಬರತೈತಿ ಅಂತ ತೋರಸಿದ್ದು,
ಆ ಪುಡಿ ನನ್ನ ಜಡ್ಯಾಗ ಕೂತು
ಸಾಲ್ಯಾಗ ಹುಡಿಗ್ಯಾರು ಕಿಸಕ್ಕಂದದ್ದು,
ಮುಚ್ಚಿದ ಫೌಂಡ್ರಿ ನಾ ಹಿಡದಾಗ ಬ್ಯಾಂಕಿನಂವ
"ಯಜಮಾನ್ರು ಬರ್ಲಿಲ್ಲೇನ್ರಿ" ಅಂತ ಕೇಳಿದ್ದು,
"ನಾನ ಯಜಮಾನ್ರು" ಅಂದಾಗ ಅಂವ ನೀರ ಕುಡದದ್ದು.

ಸರ್ ಕೆಂಪ ಪೆನ್ನ ತಗದ್ರು.
ಪುಡಿ ಹೋತು. ಹುಡಿಗ್ಯಾರು ಹೋದ್ರು.
ಬ್ಯಾಂಕಿನವನ ನೀರೂ ಹೋತು.
ಉಳದದ್ದು: "ನಾನು ಕಸ್ತೂರಿ ಬಡಿಗೇರ, ಮಹಿಳಾ ಉದ್ಯಮಿ."
ಮಹಿಳಾ ಅನ್ನೂದರ ಕೆಳಗ ಗೆರಿ ಎಳದ್ರು, ಎರಡ ಸಲ.

"ಬ್ರ್ಯಾಂಡ್ ಅಂದ್ರ ನೀವ. ಒಂದ ಫೋಟೋ ತಗಸ್ರಿ,
ತಲಿಮ್ಯಾಲ ಹೆಲ್ಮೆಟ್, ಹಿಂದ ಬೆಂಕಿ, ಸ್ವಲ್ಪ ನಗು."
ಬೆಂಕಿ ಹಂತೇಕ ನಿಂತ ಯಾರ ನಗತಾರ್ರಿ?
ಹುಬ್ಬ ಸುಡತಾವ.
ಬ್ರ್ಯಾಂಡಿಗೆ ನಮ್ಮ ಕಡೆ ಮೊದಲಿಂದ ಒಂದ ಮಾತೈತಿ: ಬರಿ.
ಕಾಸಿದ ಕಬ್ಬಿಣಲೆ ಎತ್ತಿಗೆ ಹಾಕೂದೂ ಬರಿ,
ಪಾಟಿ ಕೊಟ್ಟು ಮಗಳಿಗೆ ಹೇಳೂದೂ ಬರಿ.
ಎರಡರಾಗ ನನಗ ಯಾವುದು ಅಂತ ಕೇಳಾಕ ಬಾಯಿ ತೆರದೆ.
ಟೈಮ್ ಮುಗೀತು, ಅಂದ್ರು.

ಅವತ್ತ ರಾತ್ರಿ ಎರಕ ಇತ್ತು.
ದಸ್ತಗೀರ ಕಾಕಾ ಎಣಸೂದಿಲ್ಲ.
ದವಡ್ಯಾಗ ಎಲಿ ಅಡಕಿ, ಕಣ್ಣು ಧಾರೀ ಮ್ಯಾಲ.
"ಸಾವಕಾಶ ಸುರದ್ರ ನಡಬರಕ ತಣ್ಣಗಾಗಿ ಸೀಳ ಬಿಡತೈತಿ ಬೇಟಿ,
ಗಡಬಡಿ ಮಾಡಿದ್ರ ಉಸುಕ ಕಿತ್ತಕೊಂಡ ಬರತೈತಿ.
ಸುರು ಮಾಡಿದ ಮ್ಯಾಲ ನಿಂದರಬಾರ್ದು."
ನಾ ಎಣಸಿದೆ. ಹದಿನಾಲ್ಕ.
ಅಚ್ಚಿನ ಆ ಕಡೀ ತೂತಿನಾಗ ಕಬ್ಬಿಣ ಮ್ಯಾಲ ಬಂದು
ನಮ್ಮನ್ನ ಇಣಕಿ ನೋಡಿತು.

ನಾನು ಕಸ್ತೂರಿ ಬಡಿಗೇರ, ಅಂತ ಬಾಯಿಪಾಠ ಮಾಡಾಕತ್ತಿದ್ದೆ.
"ಯಾರಿಗೆ ಹೇಳಾಕತ್ತಿ," ಅಂದ ಕಾಕಾ, "ನನಗ ಗೊತ್ತೈತಲ್ಲ."

ಶುಕ್ರವಾರ. ಕಾಲೇಜ ರಸ್ತೇದ ಹೊಟೇಲು, ಐದನೇ ಮಜಲಿ.
ಲಿಫ್ಟಿನ್ಯಾಗ ಪುಣೆಯ ಸಾಹೇಬ್ರು ಖರೇನ ಸಿಕ್ಕರು.
ನಾ, ಅವರು, ನಡುವ ಅತ್ತರಿನ ವಾಸನಿ.
"ಏನ್ ಮಾಡ್ತೀರಿ ತಾವು?" ಮರ್ಯಾದಿಗೆ ಕೇಳಿದ್ರು, ಮರಾಠಿಯೊಳಗ.
ಅರವತ್ತ ಎಲ್ಲೀದು? ಐದ ಮಜಲಿಗೆ ಇಪ್ಪತ್ತೆರಡು.
ಕಲತ ಮಾತು ಗಂಟಲಾಗ ತಣ್ಣಗಾಗಿ ಸೀಳ ಬಿಟ್ಟತು.

ಎದುರಿಗೆ ಕನ್ನಡಿ.
ನನ್ನ ಎದಿಮ್ಯಾಲಿನ ಬಿಲ್ಲೆದಾಗ ಹೆಸರು ಉಲ್ಟಾ ಇತ್ತು,
ಥೇಟ ಅಪ್ಪ ಕೆತ್ತತಿದ್ದಂಗ.

"ಸಾಹೇಬ್ರ, ಈ ಗ್ವಾಡಿ ಆ ಕಡೆ, ಕತ್ತಲ್ಯಾಗ,
ಕಬ್ಬಿಣದ ಇಟ್ಟಂಗಿ ಪೇರಿಸಿರತಾರ.
ನಾವ ಏರೂವಾಗ ಅವು ಇಳಿತಾವ.
ಅವಿಲ್ಲಂದ್ರ ನಮ್ಮನ್ನ ಎತ್ತಾಕ
ಈ ಮೋಟಾರಿಗೆ ದಮ್ಮ ಸಾಲೂದಿಲ್ಲ.
ಅವನ್ನ ಮಾಡಾಕಿ ನಾ.
ಇಲ್ಲೀವು ನಮ್ಮವ ಹೌದೋ ಅಲ್ಲೋ, ಗೊತ್ತಿಲ್ಲ."

ಆ ಕಡೀ ಮಾತು ಸರ್ ಇದ್ದಿದ್ರ ಹೊಡದ ಹಾಕತಿದ್ರು.

ಬಾಗಲಾ ತೆರೀತು.
ಸಾಹೇಬ್ರು ಒಂದ ಕಾಲ ಹೊರಗಿಟ್ಟು ತಿರುಗಿ,
ನನ್ನಲ್ಲ, ಗ್ವಾಡಿ ನೋಡಿದ್ರು.
"ಅಚ್ಛಾ," ಅಂದ್ರು.
ಹೋದ್ರು.

ಇಳಿಯೂದ ನಾ ಮರತಿದ್ದೆ.
ಕೆಳಗ ಯಾರೋ ಗುಂಡಿ ಒತ್ತಿದ್ರು,
ಬಾಗಲಾ ಕೂಡಿ ಡಬ್ಬಿ ಇಳಿಯಾಕ ಹತ್ತಿತು.
ಗ್ವಾಡಿಗೆ ಕಿವಿ ಹಚ್ಚಿದೆ:
ಆ ಕಡೆ ಏನೋ ಸಾವಕಾಶ
ಮ್ಯಾಲ ಹೊಂಟಿತ್ತು.